ಉತ್ತರದ ಕಿಟಕಿ

ಐದು ಮಿಲಿ ನೀರು. ಮೊದಲ ಸೀಸೆಯಿಂದ ಎಂಟು ಹನಿ,
ಎರಡನೆಯದರಿಂದ ಎಂಟು.
ಮುಚ್ಚಳ ತಿರುಗಿಸಿ, ಅಲ್ಲಾಡಿಸಿ, ಐದು ನಿಮಿಷ ಕಾಯಬೇಕು.
ಲೆಶೆಕ್ ಕಾಯುತ್ತಾನೆ. ಟ್ರಾಮಿನ ಸಮವಸ್ತ್ರ ಇನ್ನೂ ಮೈಮೇಲಿದೆ,
ಬೂಟಿನ ಹಿಮ ಅಡುಗೆಮನೆಯ ನೆಲದಲ್ಲಿ ಕರಗುತ್ತಿದೆ.

ರಾತ್ರಿ ಹನ್ನೊಂದೂ ಮುಕ್ಕಾಲು.
ಒಲೆಯ ಮೇಲಿನ ಬಲ್ಬಿಗೆ ಹಿಡಿದರೆ ಹಳದಿ:
ಅಂದರೆ ಸೊನ್ನೆ, ಅಂದರೆ ಮಲಗಬಹುದು.
ತೊಟ್ಟಿಯ ಬಿಳಿ ದೀಪದಡಿ ಅದೇ ಹಳದಿಗೆ ಹಸಿರಿನ ಎಳೆ:
ಅಂದರೆ ಅಮೋನಿಯಾ, ಅಂದರೆ ಬಕೆಟ್ಟು ಎಲ್ಲಿದೆ ನೋಡು.
ಬಚ್ಚಲಿನ ಟ್ಯೂಬ್‌ಲೈಟಿನಲ್ಲಿ
ಬಣ್ಣದ ಪಟ್ಟಿಯ ಯಾವ ಚೌಕಕ್ಕೂ ಸೇರದ ಇನ್ನೊಂದು,
ಎಲೆಕೋಸು ಬೇಯಿಸಿ ಬಸಿದ ನೀರಿನಂಥದ್ದು.

ಬೆಳಕಾಗಲಿ ಎಂದು ಕಾಯುವಂತಿಲ್ಲ.
ಇಟ್ಟಷ್ಟೂ ನಳಿಗೆಯ ಬಣ್ಣ ತಾನಾಗಿ ಕಡುವಾಗುತ್ತದೆ,
ಅನುಮಾನದ ಹಾಗೆ.
ಗಾಜಿನಾಚೆ ಆರು ಮೀನು ಬಾಯಿ ತೆರೆದು ಮುಚ್ಚಿ
ಸಾಕ್ಷಿ ನುಡಿಯುತ್ತವೆ; ಒಂದೂ ಕೇಳಿಸುವುದಿಲ್ಲ.

ಒಂಬತ್ತು ರಾತ್ರಿ ಅವನು ಹಸಿರನ್ನೇ ನಂಬಿದ.
ಒಂಬತ್ತು ರಾತ್ರಿ ಬಕೆಟ್ಟು ಹೊತ್ತ, ತುಳುಕಿಸಿದ, ಒರೆಸಿದ, ಮರೆತ.
ಹತ್ತನೆಯ ದಿನ ಕೆಳಮನೆಯ ಯಾದ್ವಿಗಾ ಬಾಗಿಲು ಬಡಿದಳು:
"ನಿನ್ನ ನೀರು ನನ್ನ ಚಾವಣಿಯಲ್ಲಿ ಭೂಪಟ ಬರೆಯುತ್ತಿದೆ."
ಕ್ಷಮೆ ಕೇಳುವ ಬದಲು ಅವನು ನಳಿಗೆ ಚಾಚಿದ:
"ಇದು ಹಳದಿಯೋ, ಹಸಿರೋ?"
"ಯಾವ ದೀಪದಲ್ಲಿ?" ಎಂದಳು.

ಈ ಊರಿನ ಹೆಸರಿಗೆ ದೋಣಿ ಎಂದು ಅರ್ಥ,
ದೋಣಿ ತೇಲಿಸಲು ನದಿ ಮಾತ್ರ ಇಲ್ಲ.
ಇದ್ದ ಹೊಳೆಗಳು ಗಿರಣಿಯ ಕೆಂಪು ನೀಲಿ ಕುಡಿದು
ರಸ್ತೆಯಡಿ ಮಲಗಿವೆ.
ಆ ಗಿರಣಿಯ ಬಣ್ಣದ ಮನೆಯಲ್ಲಿ ಮೂವತ್ತೊಂದು ವರ್ಷ
ಬಟ್ಟೆಗೆ ಬಟ್ಟೆ ತಾಳೆ ನೋಡಿದವಳು ಅವಳು.
ಎಪ್ಪತ್ತೊಂಬತ್ತರ ಜನವರಿ, ಹಿಮ ಕಿಟಕಿ ಮುಚ್ಚಿತ್ತು,
ಬಲ್ಬಿನಡಿ ಕೋಟಿಗೂ ಅಸ್ತರಿಗೂ ಒಂದೇ ಹಸಿರು ಎಂದು ರುಜು ಹಾಕಿದಳು.
ಬೀದಿಗೆ ಬಂದ ಕೋಟು ಹಸಿರಾಗೇ ಉಳಿಯಿತು, ಅಸ್ತರು ಕಂದಾಯಿತು.
ಇನ್ನೂರು ಕೋಟು ವಾಪಸು. ಮೂರು ತಿಂಗಳು ಸಂಬಳ ಮುರಿದರು.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ,
ಸರಿ, ಕಣ್ಣನ್ನು ಬೈದದ್ದು ಸಾಕು.
ದೀಪಕ್ಕೂ ಕಾಮಾಲೆ ಬರುತ್ತದೆ.
ಉತ್ತರ ಬೇಕಾದವರು ಉತ್ತರದ ಕಿಟಕಿಗೆ ಹೋಗಬೇಕು;
ನೇರ ಬಿಸಿಲು ಅಲ್ಲಿ ಬೀಳುವುದಿಲ್ಲ,
ಮುಖಸ್ತುತಿ ಅದಕ್ಕೆ ಗೊತ್ತಿಲ್ಲ.

ಮರುದಿನ ಹನ್ನೊಂದಕ್ಕೆ, ಪಾಳಿಗೆ ಮೊದಲು,
ಅವಳ ಅಡುಗೆಮನೆಯಲ್ಲಿ ಹೊಸ ನೀರು, ಹೊಸ ಹನಿ.
ನಳಿಗೆಯ ಹಿಂದೆ ಬಿಳಿ ಲಕೋಟೆ ಹಿಡಿದಳು.
ಎಡಗಣ್ಣು ಮುಚ್ಚಿ ನೋಡಿದಳು. ಬಲಗಣ್ಣು ಮುಚ್ಚಿ ನೋಡಿದಳು.
ಮತ್ತೆ ಎಡಗಣ್ಣು.
"ಹಳದಿ," ಎಂದಳು, "ಯಾವ ಕಣ್ಣಿನ ಮಾತು ಎಂದು ಕೇಳಬೇಡ.
ಎಡದ ಪೊರೆ ವಸಂತದಲ್ಲಿ ತೆಗೆದರು. ಪಟ್ಟಿ ಬಿಚ್ಚಿದ ದಿನ
ಹಾಲು ನೀಲಿಯಾಗಿ ಕಂಡು ಚೆಲ್ಲಿಬಿಟ್ಟೆ.
ಬಲದ್ದು ಇನ್ನೂ ತೆಳು ಚಹಾದೊಳಗಿಂದ ನೋಡುತ್ತದೆ.
ಕೊನೆಕೊನೆಗೆ ಗಿರಣಿಯಲ್ಲಿ ನಾನು ಸರಿ ಎಂದ ಬಿಳಿಗಳೆಲ್ಲ..."
ಮಾತು ಅಲ್ಲಿಗೇ ನಿಂತಿತು.
ಗಿರಣಿ ಈಗ ಅಂಗಡಿ ಸಾಲು. ಕೇಳುವವರಿಲ್ಲ.

ಲೆಶೆಕ್ ತಾನೂ ನೋಡಿದ. ಹಳದಿ. ನಿಂಬೆ ಸಿಪ್ಪೆಯ ಹಳದಿ.
ಒಂಬತ್ತು ರಾತ್ರಿಯ ನೀರು ಭುಜದಲ್ಲಿ ನೋಯತೊಡಗಿತು.
ಅವಳು ಗಲ್ಲ ಎತ್ತಿ ಚಾವಣಿ ತೋರಿಸಿದಳು:
"ಇದು ಮಾತ್ರ ಯಾವ ದೀಪದಲ್ಲೂ, ಯಾವ ಕಣ್ಣಿಗೂ ಕಂದೇ."

ಶನಿವಾರ ಬಣ್ಣದ ಅಂಗಡಿಯಲ್ಲಿ
ಹದಿನೇಳು ಬಿಳಿಗಳ ಹಾಳೆ.
ಲೆಶೆಕ್ ಅದನ್ನು ಹಿಡಿದು ಬಾಗಿಲಾಚೆ ನಿಂತಿದ್ದಾನೆ,
ತಲೆ ಮೇಲೆ ಹಿಮ ಬೀಳುತ್ತಿದೆ,
ಒಳಗಿನಿಂದ ಹುಡುಗಿ ಕೂಗುತ್ತಿದ್ದಾಳೆ,
ಅವನು ಉತ್ತರ ಯಾವ ಕಡೆ ಎಂದು ಹುಡುಕುತ್ತಿದ್ದಾನೆ.